ಸಕ್ಕರೆಯ ಮೇಲೆ ಎರಡು ಹನಿ ನೀಲಗಿರಿ ಎಣ್ಣೆ: ಮಗುವಿಗೆ ಕೊಡಬಹುದೇ?

ಶಿಡ್ಲಘಟ್ಟದ ಸೊಸೆ:

ಎಲ್ಲರಿಗೂ ನಮಸ್ಕಾರ. ಮನೆಯ ಜಗಳವನ್ನು ಬೀದಿಗೆ ತಂದಳು ಎಂದು ಯಾರೂ ಭಾವಿಸಬೇಡಿ. ಜಗಳ ಇನ್ನೂ ಆಗಿಲ್ಲ. ಆಗದಿರಲಿ ಎಂದೇ ಇಲ್ಲಿ ಕೇಳುತ್ತಿದ್ದೇನೆ.

ನನ್ನ ಮಗಳಿಗೆ ಹದಿನಾಲ್ಕು ತಿಂಗಳು. ನಮ್ಮವರು ರೀಲರ್. ಮನೆಯ ಹಿಂದೆಯೇ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಘಟಕ ಇದೆ. ಬೆಳಗಿನ ಜಾವ ಗೂಡು ಬೇಯಿಸಲು ಒಲೆ ಹೊತ್ತಿಸಿದರೆ ಆ ಹಬೆ, ಆ ಹುಳದ ವಾಸನೆ ಎಲ್ಲವೂ ಮಧ್ಯಾಹ್ನದವರೆಗೆ ಅಡುಗೆಮನೆಯಲ್ಲೇ ಸುತ್ತಾಡುತ್ತಿರುತ್ತವೆ. ಚಳಿ ಶುರುವಾದಾಗಿನಿಂದ ಮಗುವಿನ ಮೂಗು ಕಟ್ಟಿದ್ದು ಬಿಟ್ಟಿಲ್ಲ. ರಾತ್ರಿ ಹಾಲು ಕುಡಿಯಲು ಬಾಯಿ ಹಾಕಿದರೆ ಉಸಿರಾಡಲು ಆಗದೆ ಬಿಟ್ಟುಬಿಟ್ಟು ಅಳುತ್ತಾಳೆ.

ಅತ್ತೆಯವರ ಔಷಧ ಒಂದೇ, ನೀಲಗಿರಿ ಎಣ್ಣೆ. ಭಾವನವರು ಊಟಿಗೆ ಹೋದಾಗ ತಂದದ್ದು. ಮಗುವಿನ ಎದೆಗೂ ಬೆನ್ನಿಗೂ ಹಾಗೆಯೇ ಸವರುತ್ತಾರೆ, ಬೆರಳ ತುದಿಯಲ್ಲಿ ಉಳಿದದ್ದನ್ನು ಮೂಗಿನ ಹೊಳ್ಳೆಗೆ ಒರೆಸುತ್ತಾರೆ. ಅಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಕಳೆದ ವಾರದಿಂದ ಮಲಗುವ ಮುನ್ನ ಅಂಗೈಯಲ್ಲಿ ಚಿಟಿಕೆ ಸಕ್ಕರೆ ಇಟ್ಟುಕೊಂಡು, ಅದರ ಮೇಲೆ ಎರಡು ಹನಿ ಬಿಟ್ಟು ಮಗುವಿಗೆ ನೆಕ್ಕಿಸುತ್ತಿದ್ದಾರೆ. ಕಫ ಕರಗುತ್ತದಂತೆ. ಗುರುವಾರ ರಾತ್ರಿ ಹೀಗೆ ಕೊಟ್ಟ ತಕ್ಷಣ ಮಗು ಕೆಮ್ಮಿ ಕೆಮ್ಮಿ ಮುಖ ಕೆಂಪಾಯಿತು, ಕಣ್ಣಿನಲ್ಲಿ ನೀರು ಬಂತು. ಆಮೇಲೆ ಮಲಗಿದವಳು ಬೆಳಿಗ್ಗೆ ಒಂಬತ್ತಾದರೂ ಏಳಲಿಲ್ಲ. ದಿನವೂ ಆರಕ್ಕೆ ಎದ್ದು ಮನೆಯನ್ನೆಲ್ಲ ಎಬ್ಬಿಸುವ ಮಗು! "ನೋಡಿದೆಯಾ, ಎಷ್ಟು ಹಾಯಾಗಿ ನಿದ್ದೆ ಮಾಡಿದಳು" ಎಂದು ಅತ್ತೆಯವರು ಹಿಗ್ಗಿದರು. ನನಗೆ ಆ ನಿದ್ದೆಯೇ ಭಯ ಹುಟ್ಟಿಸಿತು.

ನನಗೆ ಅವರ ಮೇಲೆ ಸಿಟ್ಟಿಲ್ಲ. ನನಗೆ ತಾಯಿ ಇಲ್ಲ, ಬಾಣಂತನ ಮಾಡಿದ್ದು ಅತ್ತೆಯವರೇ. ಲಕ್ಕಿ ಸೊಪ್ಪು, ನೀಲಗಿರಿ ಸೊಪ್ಪು ಹಾಕಿ ಹಂಡೆಯಲ್ಲಿ ನೀರು ಕಾಯಿಸಿ, ತಮ್ಮ ಮೊಣಕಾಲು ನೋವನ್ನೂ ಲೆಕ್ಕಿಸದೆ ಮೂರು ತಿಂಗಳು ನನಗೆ ನೀರು ಹಾಕಿದವರು. ನಾಲ್ಕು ಮಕ್ಕಳನ್ನೂ ಏಳು ಮೊಮ್ಮಕ್ಕಳನ್ನೂ ಇದೇ ಎಣ್ಣೆಯಲ್ಲಿ ಸಾಕಿದ್ದೇನೆ ಎನ್ನುವವರಿಗೆ, ಒಂದೇ ಮಗು ಹೆತ್ತ ನಾನು ಯಾವ ಬಾಯಿಂದ ಬುದ್ಧಿ ಹೇಳಲಿ? ಮೆಲ್ಲಗೆ ಒಮ್ಮೆ ಕೇಳಿದ್ದಕ್ಕೆ, "ಅಂಗಡಿಯ ಬಾಮ್‌ನಲ್ಲೂ ಇದೇ ತಾನೇ ಇರುವುದು" ಎಂದರು. ಡಬ್ಬಿ ನೋಡಿದರೆ ಅದು ನಿಜವೇ.

ಇನ್ನೊಂದು ಸಂಗತಿ ಮರೆತೆ. ಊಟಿಯ ಸೀಸೆಯ ಮುಚ್ಚಳ ಒಡೆದಿತ್ತು ಎಂದು ಎಣ್ಣೆಯನ್ನು ಹಳೆಯ ಕೆಮ್ಮಿನ ಸಿರಪ್ಪಿನ ಬಾಟಲಿಗೆ ಸುರಿದಿದ್ದಾರೆ. ಸಿರಪ್ಪಿನ ಚೀಟಿ ಇನ್ನೂ ಅದರ ಮೇಲೆಯೇ ಇದೆ. ಕಿಟಕಿಯ ಕಟ್ಟೆಯ ಮೇಲೆ, ಮಗುವಿನ ವಿಟಮಿನ್ ಹನಿಯ ಪಕ್ಕದಲ್ಲೇ ಇಟ್ಟಿದ್ದಾರೆ.

ಎರಡು ಹನಿಯಿಂದ ನಿಜಕ್ಕೂ ಏನಾದರೂ ಆಗುತ್ತದೆಯೇ, ಅಥವಾ ಇದು ನನ್ನ ಅತಿ ಭಯವೇ? ತಿಳಿದವರು ದಯವಿಟ್ಟು ಹೇಳಿ.

ಚಿಂತಾಮಣಿ ಬೈಪಾಸ್:

ಏನೂ ಆಗುವುದಿಲ್ಲ ಮೇಡಂ. ನಮ್ಮ ಅಜ್ಜಿ ನಮಗೆಲ್ಲ ಕೊಟ್ಟಿದ್ದಾರೆ, ನಾವೆಲ್ಲ ಗುಂಡುಕಲ್ಲಿನ ಹಾಗೆ ಇದ್ದೇವೆ. ಗಿಡಮೂಲಿಕೆಯ ವಸ್ತು, ಕೆಮಿಕಲ್ ಅಲ್ಲ. ಈಗಿನವರಿಗೆ ಎಲ್ಲಕ್ಕೂ ಡಾಕ್ಟರು ಬೇಕು. ಹಿರಿಯರ ಮಾತು ಕೇಳಿ.

ಕೋಲಾರದ ಹಳೆಯ ಕಾಂಪೌಂಡರ್:

ತಾಯಿ, ಮೊದಲು ಎದ್ದು ಹೋಗಿ ಆ ಬಾಟಲಿಯನ್ನು ಕಿಟಕಿಯಿಂದ ತೆಗೆದು ಬೀಗವಿರುವ ಕಡೆ ಇಟ್ಟು ಬನ್ನಿ. ಉಳಿದದ್ದನ್ನು ಆಮೇಲೆ ಓದಿ.

ಇಟ್ಟಿರಾ? ಸರಿ.

ಸರ್ಕಾರಿ ಕಾಗದದಲ್ಲಿ ನನ್ನ ಹುದ್ದೆಗೆ ಫಾರ್ಮಸಿಸ್ಟ್ ಎಂದು ಹೆಸರು. ಊರಿನವರಿಗೆ ಕೊನೆಯವರೆಗೂ ಕಾಂಪೌಂಡರ್. ಮೂವತ್ತೆರಡು ವರ್ಷ ಕೋಲಾರ ಸೀಮೆಯ ತಾಲ್ಲೂಕು ಆಸ್ಪತ್ರೆಗಳ ಕಿಂಡಿಯ ಹಿಂದೆ ನಿಂತವನು. ಔಷಧವನ್ನು ಬೇರೆ ಬಾಟಲಿಗೆ ಸುರಿಯುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ, ನಿಮ್ಮ ಅತ್ತೆಯವರು ಕ್ಷಮಿಸಲಿ. ನಾಳೆ ಮಗುವಿಗೆ ಕೆಮ್ಮು ಬರುತ್ತದೆ, ನಡುರಾತ್ರಿ ಕರೆಂಟು ಹೋಗಿರುತ್ತದೆ, ನಿಮ್ಮ ಯಜಮಾನರು ಚೀಟಿ ನೋಡಿ ಒಂದು ಚಮಚ ಸಿರಪ್ಪು ಕುಡಿಸುತ್ತಾರೆ. ನಾನು ಹೆದರುವುದು ಆ ಎರಡು ಹನಿಗಿಂತ ಈ ಒಂದು ಚಮಚಕ್ಕೆ.

ಈಗ ನಿಮ್ಮ ಪ್ರಶ್ನೆ. ಎರಡು ಹನಿಗೆ ಏನಾಗುತ್ತದೆ? ಬಹುತೇಕ ಸಲ ಏನೂ ಆಗುವುದಿಲ್ಲ. ಮೇಲಿನ ಚಿಂತಾಮಣಿಯವರು ಸುಳ್ಳು ಹೇಳುತ್ತಿಲ್ಲ, ಅವರು ಬದುಕಿದ್ದಾರೆ. ಏನೂ ಆಗದೇ ಇರುವುದೇ ಜನರಿಗೆ ಮೋಸ ಮಾಡುವುದು. ಹನಿ ಎಂಬುದು ಅಳತೆಯೇ ಅಲ್ಲ. ನೀರಾದರೆ ಸುಮಾರು ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್. ಈ ಎಣ್ಣೆಯ ಹನಿ ಇನ್ನೂ ಚಿಕ್ಕದು. ಆದರೆ ಅದು ಹನಿಯಾಗಿ ಬೀಳಬೇಕಾದರೆ ಸೀಸೆಯ ಬಾಯಲ್ಲಿ ಸಣ್ಣ ತೂತಿನ ಬಿರಡೆ ಇರಬೇಕು. ನಿಮ್ಮದು ಸಿರಪ್ಪಿನ ಬಾಟಲಿ, ಬಾಯಿ ಅಗಲ. ವಯಸ್ಸಾದವರ ಕೈ ನಡುಗಿತು, ಮಗು ಕೈ ಬೀಸಿತು ಎಂದರೆ ಎರಡು ಹನಿ ಬೀಳುವ ಕಡೆ ಅರ್ಧ ಚಮಚ ಬೀಳುತ್ತದೆ. ಎರಡು ಮೂರು ಮಿಲಿಲೀಟರಿಗೇ ಮಕ್ಕಳು ಮಂಕಾದದ್ದು ವೈದ್ಯರ ದಾಖಲೆಗಳಲ್ಲಿದೆ. ಒಂದು ಟೀ ಚಮಚ, ಅಂದರೆ 5 ಮಿಲಿಲೀಟರ್ ದಾಟಿದರೆ ಪ್ರಜ್ಞೆ ತಪ್ಪುವವರೆಗೂ ಹೋಗಬಹುದು. ಮೊದಲು ಬಾಯಿ, ಗಂಟಲು ಉರಿ, ಕೆಮ್ಮು, ವಾಂತಿ. ಆಮೇಲೆ ತೂಕಡಿಕೆ, ನಡೆದರೆ ತೂರಾಟ, ಕೆಲವರಿಗೆ ಫಿಟ್ಸ್. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಶುರುವಾಗುತ್ತದೆ. ಕೆಲವೊಮ್ಮೆ ಗಂಟೆಗಟ್ಟಲೆ ತಡವಾಗಿಯೂ ಬರುತ್ತದೆ. ಆ ಗುರುವಾರದ ನಿದ್ದೆ ಇದರದೇ ಎಂದು ಇಲ್ಲಿ ಕುಳಿತು ನಾನು ಹೇಳಲಾರೆ. ಮೂಗು ಕಟ್ಟಿ ಮೂರು ರಾತ್ರಿ ನಿದ್ದೆಗೆಟ್ಟ ಮಗು ಒಂಬತ್ತರವರೆಗೆ ಮಲಗುವುದೂ ಉಂಟು. ಆದರೆ ನೀವು ಹೆದರಿದ್ದು ತಪ್ಪಲ್ಲ.

ಆಸ್ಟ್ರೇಲಿಯಾದವರಿಗೆ ಈ ಮರ ಮನೆಯ ಮರ. ಅಲ್ಲಿಯ ಮೆಲ್ಬರ್ನ್ ನಗರದ ಮಕ್ಕಳ ಆಸ್ಪತ್ರೆಗೆ 1981ರಿಂದ 1992ರವರೆಗೆ ನೀಲಗಿರಿ ಎಣ್ಣೆ ಕುಡಿದು ದಾಖಲಾದ 109 ಮಕ್ಕಳ ಲೆಕ್ಕವನ್ನು ಅಲ್ಲಿಯ ವೈದ್ಯರು ಪ್ರಕಟಿಸಿದ್ದಾರೆ. ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಲಕ್ಷಣಗಳಿದ್ದವು. ಕೆಲವು ಮಕ್ಕಳು ಹೆಚ್ಚು ಕುಡಿದಿದ್ದರೂ ಏನೂ ಆಗಿರಲಿಲ್ಲ. ಯಾವ ಮಗುವಿಗೆ ಎಷ್ಟಕ್ಕೆ ಆಗುತ್ತದೆ ಎಂದು ಮುಂಚೆಯೇ ಹೇಳಲು ಬಾರದ ವಸ್ತು ಇದು.

ನಾನು ಕಣ್ಣಾರೆ ಕಂಡದ್ದು ಒಂದು. ತೊಂಬತ್ತರ ದಶಕ, ಮಾವಿನ ಸುಗ್ಗಿಯ ಕಾಲ. ತೋಟದ ಕಾವಲಿಗಿದ್ದ ಸಂಸಾರದ ಎರಡೂವರೆ ವರ್ಷದ ಹುಡುಗನನ್ನು ಹೆಗಲ ಮೇಲೆ ಹಾಕಿಕೊಂಡು ತಂದರು. ಮಗು ಬಾಗಿಲು ದಾಟುವ ಮೊದಲೇ ವಾಸನೆ ಬಂತು, ಯಾರೋ ಬಾಮ್ ಡಬ್ಬಿ ತೆರೆದ ಹಾಗೆ. ಕೈಕಾಲು ಒದ್ದೆ ಬಟ್ಟೆಯಂತೆ ಜೋತಿತ್ತು, ಕಣ್ಣಿನ ಪಾಪೆ ಸಾಸಿವೆಯಷ್ಟು. ಎಣ್ಣೆ ಕುಡಿದದ್ದಕ್ಕಿಂತ ಹೆಚ್ಚಿನ ಕೆಡುಕು ಆಮೇಲೆ ಆಗಿತ್ತು. ವಿಷ ಇಳಿಯಲಿ ಎಂದು ಹುಣಸೆ ನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಿದ್ದರು. ವಾಂತಿಯ ಜೊತೆ ಮೇಲೆ ಬಂದ ಎಣ್ಣೆ ಶ್ವಾಸಕೋಶಕ್ಕೆ ಇಳಿದಿತ್ತು. ಜಿಲ್ಲಾ ಕೇಂದ್ರಕ್ಕೆ ಕಳುಹಿಸಿದೆವು. ಒಂಬತ್ತು ದಿನದ ಮೇಲೆ ಹುಡುಗ ಬದುಕಿ ಬಂದ. ಅವನ ಅಜ್ಜಿ ನನ್ನ ಕಿಂಡಿಯ ಮುಂದೆ ನಿಂತು, "ನಾನೇ ಕೊಂದುಬಿಡುತ್ತಿದ್ದೆ ಸಾಮಿ" ಎಂದಳು. ಆ ಅಜ್ಜಿಯದೂ ಪ್ರೀತಿಯೇ ತಾಯಿ, ನಿಮ್ಮ ಅತ್ತೆಯವರದ್ದರ ಹಾಗೆ.

ಆದ್ದರಿಂದ ಯಾರಾದರೂ ಮಗು ಇದನ್ನು ಕುಡಿದರೆ ವಾಂತಿ ಮಾಡಿಸಬೇಡಿ. ಉಪ್ಪು ನೀರು ಬೇಡ, ಹುಣಸೆ ನೀರು ಬೇಡ. ಮಂಪರಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ, 108ಕ್ಕೆ ಕರೆ ಮಾಡಿ, ಬಾಟಲಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ. ಮಗು ನಗುನಗುತ್ತಾ ಇದ್ದರೂ ಆಸ್ಪತ್ರೆಗೆ ಹೋಗಿ ಕೆಲವು ಗಂಟೆ ಅಲ್ಲಿಯೇ ಇರಿ. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117, ಹಗಲು ರಾತ್ರಿ ಎತ್ತುತ್ತಾರೆ.

ಮೂಗಿಗೆ ಒರೆಸುವುದೂ ಸಣ್ಣದಲ್ಲ. ಎರಡು ವರ್ಷದೊಳಗಿನ ಮಕ್ಕಳ ಮೂಗಿನ ಹತ್ತಿರ ಇಂಥ ತೀಕ್ಷ್ಣವಾದ ಪದಾರ್ಥ ಹಚ್ಚಿದರೆ ಗಂಟಲು ಒಮ್ಮೆಲೇ ಬಿಗಿದುಕೊಂಡು ಉಸಿರು ಕಟ್ಟಬಹುದು. ನೀಲಗಿರಿ, ಪುದೀನ ಹೂವು (ಮೆಂಥಾಲ್), ಕರ್ಪೂರ ಮೂರಕ್ಕೂ ಇದೇ ಮಾತು. ಬಾಮ್‌ನಲ್ಲಿ ಇದೇ ಇದೆ ಎಂಬ ಅತ್ತೆಯವರ ವಾದ ಸರಿ, ಆದರೆ ಡಬ್ಬಿಯ ಮೇಲಿನ ಸಣ್ಣ ಅಕ್ಷರವನ್ನೂ ಕನ್ನಡಕ ಹಾಕಿಕೊಂಡು ಓದಬೇಕು. ಬಾಮ್‌ನಲ್ಲಿ ಅದು ಸ್ವಲ್ಪ, ಉಳಿದದ್ದು ಹೆಚ್ಚಾಗಿ ಮೇಣದಂಥ ಜಿಡ್ಡು. ಅದನ್ನೂ ಪುಟ್ಟ ಮಕ್ಕಳಿಗೆ ಹಚ್ಚಬೇಡಿ ಎಂದು ಬರೆದಿರುತ್ತಾರೆ. ನಿಮ್ಮ ಬಾಟಲಿಯಲ್ಲಿರುವುದು ಅಪ್ಪಟ ಸತ್ತ್ವ. ಒಳ್ಳೆಯ ಊಟಿಯ ಎಣ್ಣೆಯಾದರೆ ಶೇಕಡಾ 70ರ ಆಸುಪಾಸು ಸಿನಿಯೋಲ್ ಎಂಬ ಒಂದೇ ರಾಸಾಯನಿಕ ಇರುತ್ತದೆ. ಹೌದು ಚಿಂತಾಮಣಿಯವರೇ, ಕೆಮಿಕಲ್ಲೇ. ಮರ ಮಾಡಿದ ಕೆಮಿಕಲ್.

ಹಾಗೆಂದು ನಾನು ನೀಲಗಿರಿ ಎಣ್ಣೆಯ ಶತ್ರುವಲ್ಲ. ನನ್ನ ಮನೆಯಲ್ಲೂ ಒಂದು ಸೀಸೆ ಇದೆ. ಸಿನಿಯೋಲ್ ಅನ್ನು ಶುದ್ಧ ಮಾಡಿ, ಮಿಲಿಗ್ರಾಂ ಲೆಕ್ಕದಲ್ಲಿ ಕ್ಯಾಪ್ಸೂಲಿಗೆ ತುಂಬಿ, ಕಟ್ಟಿದ ಸೈನಸ್ಸಿಗೆ ಜರ್ಮನಿಯಲ್ಲಿ ಮಾರುತ್ತಾರೆ. ನುಂಗುವುದಾದರೆ ಹಾಗೆ ನುಂಗಬೇಕು, ಅಂಗೈಯ ಸಕ್ಕರೆಯ ಮೇಲಲ್ಲ. ದೊಡ್ಡವರಿಗೆ ಬೆನ್ನು ಹಿಡಿದರೆ, ಕಾಲು ಉಳುಕಿದರೆ ಒಂದು ಟೀ ಚಮಚ ಕೊಬ್ಬರಿ ಎಣ್ಣೆಗೆ ಎರಡು ಮೂರು ಹನಿ ಬೆರೆಸಿ ಹಚ್ಚಬಹುದು. ಹಾಗೆಯೇ ಹಚ್ಚಿದರೆ ಕೆಲವರ ಚರ್ಮ ಕೆಂಡದಂತಾಗುತ್ತದೆ. ಶೀತಕ್ಕೆ ಕರವಸ್ತ್ರಕ್ಕೆ ಒಂದು ಹನಿ ಹಾಕಿ ಮೂಸಿದರೆ ಮೂಗು ಬಿಟ್ಟಂತೆ ಅನಿಸುತ್ತದೆ. ನಿಜಕ್ಕೂ ಬಿಡುವುದಕ್ಕಿಂತ ತಣ್ಣಗಾದ ಅನುಭವವೇ ಹೆಚ್ಚು, ಆದರೂ ಸುಖ ಸುಖವೇ. ಆಸ್ತಮಾ ಇರುವವರಿಗೆ ಕೆಲವೊಮ್ಮೆ ಈ ವಾಸನೆಯೇ ಕಾಟ ಕೊಡುತ್ತದೆ.

ಮಗುವಿಗೆ ಏನು ಮಾಡಬೇಕು? ಔಷಧದಂಗಡಿಯಲ್ಲಿ ಮೂಗಿಗೆ ಹಾಕುವ ಉಪ್ಪುನೀರಿನ ಹನಿ ಸಿಗುತ್ತದೆ. ಹಾಲು ಕುಡಿಸುವ ಸ್ವಲ್ಪ ಮುಂಚೆ ಹಾಕಿ, ಸಡಿಲವಾದ ಸಿಂಬಳ ಒರೆಸಿ. ವರ್ಷ ತುಂಬಿದೆ, ಕೆಮ್ಮಿಗೆ ಅರ್ಧ ಚಮಚ ಜೇನು ನೆಕ್ಕಿಸಬಹುದು. ವರ್ಷದೊಳಗಿನ ಮಕ್ಕಳಿಗೆ ಅದೂ ಕೂಡದು. ಮಗು ಮಲಗಿದ್ದಾಗ ಅಂಗಿ ಎತ್ತಿ, ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಈ ವಯಸ್ಸಿಗೆ ನಿಮಿಷಕ್ಕೆ 40 ಅಥವಾ ಅದಕ್ಕಿಂತ ಹೆಚ್ಚಾದರೆ, ಇಲ್ಲವೇ ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬಿದ್ದರೆ, ಇಲ್ಲಿ ಪ್ರಶ್ನೆ ಕೇಳುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಅತ್ತೆಯವರಿಗೆ ಹೇಳುವ ಬಗೆಯೂ ನಿಮಗೆ ಬೇಕಲ್ಲವೇ. ಮಾತಿನಲ್ಲಿ ಗೆಲ್ಲಲು ಹೋಗಬೇಡಿ. ಮಿಕ್ಸಿಯದೋ ಟೀವಿಯದೋ ಪೆಟ್ಟಿಗೆಯಲ್ಲಿ ಬಂದ ಥರ್ಮಾಕೋಲ್ ತುಂಡು ಇದ್ದರೆ ಅದರ ಮೇಲೆ ಒಂದೆರಡು ಹನಿ ಬಿಟ್ಟು, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಥರ್ಮಾಕೋಲ್ ಕರಗಿತು ಎಂದರೆ ಹೊಟ್ಟೆಯೂ ಹಾಗೆ ಕರಗುತ್ತದೆ ಎಂದಲ್ಲ. ಆ ಸುಳ್ಳನ್ನು ಅವರಿಗೆ ಹೇಳಬೇಡಿ. ಇದು ಕೊಬ್ಬರಿ ಎಣ್ಣೆ, ಹರಳೆಣ್ಣೆಗಳ ಜಾತಿಯದ್ದಲ್ಲ, ಬಣ್ಣಕ್ಕೆ ಬೆರೆಸುವ ಟರ್ಪೆಂಟೈನ್ ಜಾತಿಯದ್ದು ಎಂಬಷ್ಟು ಅವರಿಗೆ ಕಣ್ಣಿನಿಂದಲೇ ತಿಳಿಯುತ್ತದೆ. ಎಣ್ಣೆ ಎಂಬ ಒಂದೇ ಹೆಸರಿನಿಂದಲೇ ಅರ್ಧ ಅನಾಹುತ.

ಮಾಲೂರಿನ ರೈತ:

ಕಾಂಪೌಂಡರ್ ಸಾಹೇಬರ ಮಾತಿಗೆ ನನ್ನದೊಂದು ಲೆಕ್ಕ ಸೇರಿಸುತ್ತೇನೆ. ನಾವು ನೀಲಗಿರಿ ತೋಪಿನ ನಡುವೆ ಹುಟ್ಟಿದವರು. ಸಾಮಾಜಿಕ ಅರಣ್ಯದ ಕಾಲದಲ್ಲಿ, ಎಂಬತ್ತರ ದಶಕದಲ್ಲಿ, ನಮ್ಮ ತಂದೆ ಮೂರು ಎಕರೆ ರಾಗಿ ಹೊಲಕ್ಕೆ ಇದೇ ಸಸಿ ನೆಟ್ಟರು. ಕೂಲಿಯಾಳು ಬೇಡ, ಕಾವಲು ಬೇಡ, ದನ ಮುಟ್ಟುವುದಿಲ್ಲ. ದನ ಏಕೆ ಮುಟ್ಟುವುದಿಲ್ಲ ಎಂದು ಆಗ ಯಾರೂ ಯೋಚಿಸಲಿಲ್ಲ.

ಊಟಿ ಬೆಟ್ಟದ ನೀಲಗಿರಿ ಎಲೆಯನ್ನು ಬಟ್ಟಿ ಇಳಿಸಿದರೆ ನೂರು ಕಿಲೋ ಸೊಪ್ಪಿಗೆ ಒಂದು ಲೀಟರಿನ ಆಸುಪಾಸು ಎಣ್ಣೆ ಬರುತ್ತದೆ. ಅಂದರೆ ಒಂದು ಟೀ ಚಮಚ ಎಣ್ಣೆ ಎಂದರೆ ಅರ್ಧ ಕಿಲೋ ಸೊಪ್ಪು. ಬಾಣಂತಿಗೆ ಹಂಡೆಯಲ್ಲಿ ಒಂದು ಹಿಡಿ ಸೊಪ್ಪು ಹಾಕಿ ನೀರು ಕಾಯಿಸುವುದಕ್ಕೂ ಈ ಎಣ್ಣೆಗೂ ಆಕಾಶ ಭೂಮಿಯ ಅಂತರ. ಅಕ್ಕ, ನಿಮ್ಮ ಅತ್ತೆಯವರ ಹಂಡೆ ನೀರನ್ನು ಯಾರೂ ದೂರುತ್ತಿಲ್ಲ ಎಂದು ಅವರಿಗೆ ಮೊದಲೇ ಹೇಳಿಬಿಡಿ. ಸೊಪ್ಪಿನ ಕಾಲದ ಧೈರ್ಯವನ್ನು ಸೀಸೆಯ ಮೇಲೆ ತೋರಿಸುವುದಷ್ಟೇ ತಪ್ಪು.

ನಮ್ಮ ಬಯಲಿನ ಮರ, ಮೈಸೂರು ಗಮ್ ಎನ್ನುವ ಜಾತಿ, ಎಣ್ಣೆಗೆ ಅಷ್ಟು ಬಾರದು. ಊಟಿಯದು ಬೇರೆಯೇ ಜಾತಿ. ಟಿಪ್ಪು ಸುಲ್ತಾನ 1790ರ ಸುಮಾರಿಗೆ ನಂದಿಬೆಟ್ಟದಲ್ಲಿ ಆಸ್ಟ್ರೇಲಿಯಾದ ಬೀಜ ಹಾಕಿಸಿದ್ದರಿಂದಲೇ ಈ ಸೀಮೆಗೆ ಇದರ ನಂಟು ಎನ್ನುತ್ತಾರೆ. ನಮ್ಮಲ್ಲಿಗೆ ವ್ಯಾಪಾರಿ ಬರುತ್ತಿದ್ದುದು ಗಳಕ್ಕೆ, ಸೌದೆಗೆ, ಕಾಗದದ ಗಿರಣಿಗೆ. ಸೊಪ್ಪು ಉಳಿಯುತ್ತಿದ್ದುದು ನಮ್ಮ ಅಕ್ಕಂದಿರು ಗುಡಿಸಿ ತಂದು ಒಲೆಗೆ ಹಾಕಲು. ಒಣ ಎಲೆ ಒಲೆಯೊಳಗೆ ಚಟಪಟ ಎಂದು ಸಿಡಿದು, ಉರಿ ಒಮ್ಮೆಲೇ ಒಲೆಯ ಬಾಯಿಂದ ಹೊರಗೆ ನಾಲಿಗೆ ಚಾಚುತ್ತಿತ್ತು. ಅದು ಎಣ್ಣೆಯ ಉರಿ. ಹಬೆ ತೆಗೆದುಕೊಳ್ಳುವವರು ಉರಿಯುತ್ತಿರುವ ಗ್ಯಾಸ್ ಒಲೆಯ ಪಕ್ಕದಲ್ಲೇ ಸೀಸೆ ತೆರೆಯುತ್ತಾರಲ್ಲ, ಅವರು ಆ ಒಲೆಯನ್ನು ನೋಡಬೇಕಿತ್ತು.

2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ನಾವು ಬುಡ ಕೀಳಿಸಲು ಜೆಸಿಬಿಗೆ ಕೊಟ್ಟ ಹಣದಲ್ಲಿ ಒಂದು ಹಸು ಬರುತ್ತಿತ್ತು. ಅದು ಬೇರೆ ಕಥೆ, ಬಿಡಿ.

ಗೌರಿಬಿದನೂರಿನ ಅಣ್ಣ:

ಫಿಟ್ಸ್ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನನ್ನ ತಮ್ಮನಿಗೆ ಹತ್ತೊಂಬತ್ತನೆಯ ವಯಸ್ಸಿನಿಂದ ಫಿಟ್ಸ್. ಮಾತ್ರೆ ತಪ್ಪಿಸುತ್ತಿರಲಿಲ್ಲ, ಆದರೂ ಎರಡು ತಿಂಗಳಿಗೊಮ್ಮೆ ಬರುತ್ತಿತ್ತು. ಬೆಂಗಳೂರಿನ ನರರೋಗದ ವೈದ್ಯರು ಸ್ಕ್ಯಾನ್ ನೋಡಿ ಮುಗಿಸಿ, "ತಲೆನೋವಿಗೆ ಏನು ಹಚ್ಚುತ್ತೀಯಪ್ಪ?" ಎಂದು ಕೇಳಿದರು. ನಮಗೆ ನಗು ಬಂತು. ಅವನ ಜೇಬಿನಲ್ಲಿ ಸದಾ ಬಾಮ್ ಡಬ್ಬಿ, ದಿಂಬಿನ ಕೆಳಗೆ ಇನ್ನೊಂದು. 2021ರ ಏಪ್ರಿಲಿನಲ್ಲಿ ಕರ್ಪೂರ, ಲವಂಗ, ಓಮ, ನೀಲಗಿರಿ ಹನಿ ಸೇರಿಸಿ ಗಂಟು ಕಟ್ಟಿ ಮೂಸಿದರೆ ಆಮ್ಲಜನಕ ಏರುತ್ತದೆ ಎಂದು ಎಲ್ಲರ ಮೊಬೈಲಿಗೂ ಬಂದಿತ್ತಲ್ಲ, ಆ ಗಂಟನ್ನೂ ಕೊರಳಿಗೆ ಕಟ್ಟಿಕೊಂಡಿದ್ದ. ಆಮ್ಲಜನಕ ಏರುವುದು ಶುದ್ಧ ಸುಳ್ಳು ಎಂದು ಆಮೇಲೆ ತಿಳಿಯಿತು.

ದಕ್ಷಿಣ ಭಾರತದ ಕೆಲವು ಆಸ್ಪತ್ರೆಗಳಲ್ಲಿ ಫಿಟ್ಸ್ ಬಂದ 350 ಮಂದಿಯನ್ನು ಹೀಗೆಯೇ ವಿಚಾರಿಸಿದಾಗ 55 ಮಂದಿಯಲ್ಲಿ ಕರ್ಪೂರ, ನೀಲಗಿರಿಯ ಎಣ್ಣೆ ಅಥವಾ ಬಾಮ್‌ಗಳ ಸಂಬಂಧ ಕಂಡಿತು ಎಂಬ ಅಧ್ಯಯನ 2021ರಲ್ಲಿ ಪ್ರಕಟವಾಗಿದೆ. ಅದನ್ನು ಮಾಡಿದವರಲ್ಲಿ ಬೆಂಗಳೂರಿನ ವೈದ್ಯರೇ ಮುಂದಿದ್ದರು. ನನ್ನ ತಮ್ಮ ಬಾಮ್ ಬಿಟ್ಟು ಎರಡು ವರ್ಷವಾಯಿತು, ಫಿಟ್ಸ್ ಬಂದಿಲ್ಲ. ಮಾತ್ರೆ ಬದಲಾಯಿಸಿದ್ದರಿಂದಲೋ ಬಾಮ್ ಬಿಟ್ಟದ್ದರಿಂದಲೋ ಎಂದು ಬೇರ್ಪಡಿಸಿ ಹೇಳಲಾರೆ. ಆದರೆ ನಮ್ಮ ಮನೆಯಲ್ಲಿ ಈಗ ಆ ವಾಸನೆಯೇ ಇಲ್ಲ.

ಮಕ್ಕಳಿರುವವರು ದೇವರ ಮನೆಯ ಕರ್ಪೂರವನ್ನೂ ಮೇಲೆ ಎತ್ತಿಡಿ. ಬಿಳಿ ಬಿಲ್ಲೆ ಮಗುವಿನ ಕಣ್ಣಿಗೆ ಪೆಪ್ಪರಮೆಂಟಿನ ಹಾಗೆಯೇ ಕಾಣುತ್ತದೆ. ಒಂದು ಗ್ರಾಂನಷ್ಟು ಕರ್ಪೂರ ಪುಟ್ಟ ಮಗುವಿನ ಜೀವಕ್ಕೇ ಎರವಾಗಬಹುದು ಎಂದು ಅದೇ ವೈದ್ಯರು ನಮಗೆ ಹೇಳಿದರು. ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕಾಯಿಸಿ ಕೂಸಿನ ಎದೆಗೆ ಹಚ್ಚುವ ಪದ್ಧತಿ ನಮ್ಮಲ್ಲೂ ಇತ್ತು. ನಿಲ್ಲಿಸಿದೆವು.

ಹುಳುಮನೆ:

ಚಿಕ್ಕದೊಂದು ಮಾತು. ಶಿಡ್ಲಘಟ್ಟದ ಅಕ್ಕನಿಗೆ ಇದು ಹೊಸದಲ್ಲ. ನಾವು ರೇಷ್ಮೆ ಹುಳು ಸಾಕುವವರು, ನಾಲ್ಕನೆಯ ಜ್ವರ ಎದ್ದ, ಅಂದರೆ ನಾಲ್ಕನೆಯ ಸಲ ಪೊರೆ ಕಳಚಿದ ಹುಳುವಿನ ಮನೆಗೆ ಯಾವ ತೈಲವನ್ನೂ ಹಚ್ಚಿಕೊಂಡು ಕಾಲಿಡುವುದಿಲ್ಲ. ಬೆನ್ನುನೋವಿಗೆ ಬಾಮ್ ಹಚ್ಚಿದ ದಿನ ಸೊಪ್ಪು ಹಾಕುವ ಸರದಿ ಮನೆಯಲ್ಲಿ ಬೇರೆಯವರದ್ದು. ಹುಳುವಿಗೆ ಇಷ್ಟು ಜೋಪಾನ ಮಾಡುವ ಊರಿನಲ್ಲಿ ಮಗುವಿನ ಮೂಗಿಗೆ ಅದನ್ನೇ ಒರೆಸುತ್ತೇವಲ್ಲ ಎಂದು ಇದನ್ನು ಓದುವಾಗ ಹೊಳೆಯಿತು.

ಚಿಂತಾಮಣಿ ಬೈಪಾಸ್:

ಕಾಂಪೌಂಡರ್ ಸಾಹೇಬರೇ, ಕೆಮಿಕಲ್ ಮಾತು ಹಿಂತೆಗೆದುಕೊಂಡೆ. ನಮ್ಮ ಮನೆಯದು ಸ್ನಾನದ ಮನೆಯ ಗೂಡಿನಲ್ಲಿತ್ತು, ಈಗ ಅಟ್ಟಕ್ಕೆ ಹೋಯಿತು.

ಶಿಡ್ಲಘಟ್ಟದ ಸೊಸೆ:

ನಾಲ್ಕು ದಿನ ಇತ್ತ ಬರಲಾಗಲಿಲ್ಲ, ಕ್ಷಮಿಸಿ. ಎಲ್ಲರಿಗೂ ಕೈಮುಗಿದೆ.

ಮೊದಲು ಮಗುವಿನ ವಿಷಯ. ಮಲಗಿದ್ದಾಗ ಎಣಿಸಿದೆ, ಒಮ್ಮೆ 32, ಇನ್ನೊಮ್ಮೆ 34. ಆದರೂ ಮನಸ್ಸು ತಡೆಯದೆ ಮಕ್ಕಳ ವೈದ್ಯರಿಗೆ ತೋರಿಸಿದೆವು. ಎದೆ ಸ್ವಚ್ಛವಾಗಿದೆ, ಬರೀ ಶೀತ ಎಂದರು. ಸಕ್ಕರೆಯ ವಿಷಯ ಹೇಳಿದಾಗ ಅವರು ಪೆನ್ನು ಕೆಳಗಿಟ್ಟು ನಮ್ಮವರ ಮುಖ ನೋಡಿದರು, ನನ್ನ ಮುಖ ನೋಡಲಿಲ್ಲ. ಅದೊಂದು ಉಪಕಾರವೇ ಆಯಿತು. ಉಪ್ಪುನೀರಿನ ಹನಿ ಹಾಕುತ್ತಿದ್ದೇವೆ. ಒಲೆ ಹೊತ್ತಿಸುವ ಹೊತ್ತಿಗೆ ಮಗುವನ್ನು ಮುಂದಿನ ಕೋಣೆಗೆ ಕರೆದುಕೊಂಡು ಹೋಗಿ ನಡುಬಾಗಿಲು ಹಾಕುತ್ತೇವೆ. ವೈದ್ಯರೇ ಹೇಳಿದ್ದು, ಮೂಗು ಬಿಡದಿರಲು ಆ ಹೊಗೆಯೂ ಕಾರಣವಿರಬಹುದಂತೆ.

ಇನ್ನು ಥರ್ಮಾಕೋಲ್. ಫ್ಯಾನಿನ ಪೆಟ್ಟಿಗೆಯಲ್ಲಿ ಒಂದು ತುಂಡು ಸಿಕ್ಕಿತು. ಭಾನುವಾರ ಮಧ್ಯಾಹ್ನ ಅತ್ತೆಯವರು ಅವರೆಕಾಯಿ ಬಿಡಿಸುತ್ತಾ ಕುಳಿತಿದ್ದರು. ಪಕ್ಕದಲ್ಲಿ ಕುಳಿತು, "ಅತ್ತೆ, ಇದೊಂದು ನೋಡಿ" ಎಂದು ಹನಿ ಬಿಟ್ಟೆ. ಮೊದಲು ಏನೂ ಆಗಲಿಲ್ಲ, ನನಗೆ ಎದೆ ಧಸಕ್ಕೆಂದಿತು. ಅವರು ಎರಡು ಕಾಯಿ ಬಿಡಿಸುವಷ್ಟರಲ್ಲಿ ಹನಿ ಬಿದ್ದ ಜಾಗ ಒದ್ದೆ ಮಣ್ಣಿನಂತೆ ಮೆತ್ತಗಾಗಿ ಒಳಗೆ ಕುಸಿಯತೊಡಗಿತು. ಅತ್ತೆಯವರು ಅವರೆಕಾಯಿ ಕೆಳಗಿಟ್ಟು, ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿಕೊಂಡು, ಆ ಗುಳಿಯೊಳಗೆ ಕಿರುಬೆರಳು ಇಟ್ಟು ನೋಡಿದರು. ಬೆರಳು ಅಂಟಂಟಾಯಿತು. ತುಂಬ ಹೊತ್ತು ಏನೂ ಹೇಳಲಿಲ್ಲ. ನಾನು ಹೊಟ್ಟೆಯ ಸುಳ್ಳು ಹೇಳಲಿಲ್ಲ ಸರ್, ಮಾಲೂರಿನವರ ಅರ್ಧ ಕಿಲೋ ಸೊಪ್ಪಿನ ಲೆಕ್ಕ ಹೇಳಿದೆ. ಹಂಡೆ ನೀರಿನ ಮಾತನ್ನೂ ಮೊದಲೇ ಹೇಳಿದ್ದೆ.

ಸಂಜೆ ನೋಡಿದರೆ ಆ ಬಾಟಲಿಯ ಸಿರಪ್ಪಿನ ಚೀಟಿ ಕಿತ್ತು ಹೋಗಿತ್ತು. ಅದೇ ಎಣ್ಣೆಯನ್ನು ಬಟ್ಟೆಗೆ ಹಚ್ಚಿ ಚೀಟಿಯ ಅಂಟನ್ನೆಲ್ಲ ಅತ್ತೆಯವರೇ ಒರೆಸಿ ತೆಗೆದಿದ್ದರು. ಹೊಸ ಸ್ಟೀಲ್ ಡಬ್ಬಿಗಳ ಮೇಲಿನ ಬೆಲೆಯ ಚೀಟಿಯೂ ಹೋಗಿತ್ತು. ಬಾಟಲಿಯ ಮೇಲೆ ನಮ್ಮವರ ಕೈಯಲ್ಲಿ ಕೆಂಪು ಶಾಯಿಯಿಂದ "ನೀಲಗಿರಿ, ಬಾಯಿಗೆ ಅಲ್ಲ" ಎಂದು ಬರೆಸಿ ಬೀರುವಿನ ಮೇಲಿನ ಅರೆಯಲ್ಲಿ ಇಟ್ಟಿದ್ದಾರೆ. ಕೀಲಿ ಅವರ ಸೆರಗಿನ ಗಂಟಿನಲ್ಲಿದೆ.

ರಾತ್ರಿ ಊಟಕ್ಕೆ ಕುಳಿತಾಗ ಮಾತ್ರ ಒಂದು ಪ್ರಶ್ನೆ ಕೇಳಿದರು. ಉತ್ತರ ನನಗೆ ಗೊತ್ತಿರಲಿಲ್ಲ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ: "ಹಾಗಾದರೆ ಹತ್ತು ವರ್ಷದಿಂದ ಹಚ್ಚುತ್ತಿರುವ ನನ್ನ ಮೊಣಕಾಲಿಗೂ ಗುಳಿ ಬಿದ್ದಿದೆಯಾ, ಕೇಳು ಆ ಕಾಂಪೌಂಡರನ್ನು."

ಕೋಲಾರದ ಹಳೆಯ ಕಾಂಪೌಂಡರ್:

ಬಿದ್ದಿಲ್ಲ ಎಂದು ಹೇಳಿ. ಗಾಯವಿಲ್ಲದ ಚರ್ಮಕ್ಕೆ ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿ ಹಚ್ಚಿಕೊಳ್ಳಲಿ, ಹಚ್ಚಿದ ಮೇಲೆ ಬಿಸಿನೀರಿನ ಚೀಲ ಇಡುವುದು ಬೇಡ, ಸುಟ್ಟಂತಾಗುತ್ತದೆ. ಮಗುವನ್ನು ಎತ್ತಿಕೊಳ್ಳುವ ಮುನ್ನ ಸೋಪು ಹಾಕಿ ಕೈ ತೊಳೆಯಲಿ. ಆ ಸೆರಗಿನ ಗಂಟಿಗೆ ನನ್ನದೊಂದು ನಮಸ್ಕಾರ ತಿಳಿಸಿ.